ತಿಳಿಯಿತು ಎಂಬ ಗುಂಡಿ

ಬೂಟಿನ ದಾರ ಕಟ್ಟಿ, ಹೂಂ ಎಂದು, ಬಾಗಿಲು ಎಳೆದುಕೊಂಡು, ಮಹಡಿ ಇಳಿದು ಬೀದಿಗೆ ಬಂದು ನಿಂತ ಮೇಲೆ, ತಾನು ಹೂಂ ಎಂದದ್ದು ಯಾವುದಕ್ಕೆ ಎಂಬುದೇ ತನಗೆ ಗೊತ್ತಿಲ್ಲವೆಂದು ಅವನಿಗೆ ಹೊಳೆಯಿತು. ಹೆಂಡತಿ ಅಡುಗೆಮನೆಯಿಂದ ಏನೋ ಹೇಳುತ್ತಿದ್ದಳು. ಅವಳ ದನಿ ನಲ್ಲಿ ನೀರಿನ ಸದ್ದಿನ ಜೊತೆ ಬೆರೆತು ಏರಿತು, ಇಳಿಯಿತು, ಒಂದು ಕಡೆ ನಿಂತಿತು. ನಿಂತ ಆ ಜಾಗದಲ್ಲಿ ಅವನು ಬಗ್ಗಿದ ತಲೆ ಎತ್ತದೆ, ದಾರಕ್ಕೆ ಎರಡನೇ ಗಂಟು ಬಿಗಿಯುತ್ತಾ, ಒಂದು ಹೂಂ ಇಟ್ಟಿದ್ದ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅಂಥ ಜಾಗ ಅವನ ಕೈ ತಪ್ಪಿದ್ದೇ ಇಲ್ಲ. ಪೇಪರ್ ಓದುತ್ತಿರಲಿ, ಗಡ್ಡ ಹೆರೆಯುತ್ತಿರಲಿ, ಅವಳ ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಅವನ ಹೂಂ ತಾನಾಗಿಯೇ ಹೋಗಿ ಕೂರುತ್ತಿತ್ತು. ಇವತ್ತು ಮಾತ್ರ ಹೂಂ ಎಂದೊಡನೆ ಅವಳು ನಕ್ಕಿದ್ದಳು. ನಕ್ಕು, "ಸರಿ ಹಾಗಾದ್ರೆ, ಹಾಗೇ ಮಾಡಿಬಿಡ್ತೀನಿ" ಎಂದಿದ್ದಳು. ಅದಕ್ಕೂ ಮೊದಲು ಎಲ್ಲೋ "ಮುಂದಿನ ತಿಂಗಳಿಂದ" ಎಂಬ ಮಾತು ಬಂದಿತ್ತು. ಕಿವಿಯಲ್ಲಿ ಉಳಿದದ್ದು ಇಷ್ಟೇ. ಏನು ಮಾಡಿಬಿಡ್ತಾಳೆ? ಮಾಡ್ತೀನಿ ಎಂದಿದ್ದರೆ ಅದರ ಮಾತೇ ಬೇರೆ, ಮಾಡಿಬಿಡ್ತೀನಿ ಎಂದಿದ್ದಾಳೆ. ಅಂದರೆ ತನ್ನ ಒಪ್ಪಿಗೆಗಾಗಿಯೇ ಕಾದಿದ್ದಳು, ಒಪ್ಪಿಗೆ ಸಿಕ್ಕಿತು, ಇನ್ನು ಅವಳನ್ನು ತಡೆಯುವವರು ಯಾರೂ ಇಲ್ಲ. ವಾಪಸು ಮೇಲೆ ಹೋಗಿ ಕೇಳೋಣವೆಂದು ಕಾಲು ಎತ್ತಿದ. ಏನೆಂದು ಕೇಳುವುದು? ಈಗ ತಾನೇ ಹೂಂ ಅಂದೆನಲ್ಲ, ಅದು ಯಾವುದಕ್ಕೆ ಅಂತ ಸ್ವಲ್ಪ ಹೇಳ್ತೀಯಾ? ಎತ್ತಿದ ಕಾಲನ್ನು ಆಫೀಸಿನ ಕಡೆಗೇ ಇಟ್ಟ.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಮುಂದಿನ ತಿಂಗಳು ಬಗೆಬಗೆಯ ವೇಷ ಹಾಕಿಕೊಂಡು ಬಂತು. ಭಾವಮೈದುನ ಪೆಟ್ಟಿಗೆ ಹೊತ್ತು ಬಂದು ಹಜಾರದ ಸೋಫಾದಲ್ಲಿ ಕಾಯಮ್ಮಾಗಿ ಮಲಗಿದ. ತನ್ನ ಪುಸ್ತಕದ ಕಪಾಟು ಹಳೇ ಸಾಮಾನಿನವನ ಗಾಡಿ ಹತ್ತಿತು. ಮಲಗುವ ಕೋಣೆಗೆ ನೇರಳೆ ಬಣ್ಣ ಬಂತು. ಟ್ರಾಫಿಕ್ ದೀಪ ಕೆಂಪಾಗಿದ್ದಾಗ ರಸ್ತೆ ದಾಟಲು ಹೊರಟು ಅರ್ಧದಲ್ಲೇ ನಿಂತು ಯೋಚಿಸಿದ, ಅವಳು ಮನೆ ಬಿಟ್ಟೇ ಹೋಗುವ ಮಾತಾಡಿದ್ದರೆ? ಆ ವಿಚಾರ ಬಂದಾಗ ಮಾತ್ರ ಅವನಿಗೆ ನಗು ಬಂತು. ಅವರ ಮನೆಯಲ್ಲಿ ಜಗಳವೇ ಇಲ್ಲ. ಆಫೀಸಿನಲ್ಲಿ ಬೇರೆಯವರು ಹೆಂಡತಿಯ ಮುನಿಸು, ಗಂಡನ ಮುನಿಸು ಎಂದು ಗೋಳು ತೋಡಿಕೊಳ್ಳುವಾಗ, ನಮ್ಮ ಮನೆ ಪೂರ್ತಿ ಹಸಿರಪ್ಪ, ಎಂದು ಅವನು ಕಾಲರ್ ಸರಿಮಾಡಿಕೊಳ್ಳುವುದಿತ್ತು. ಅವನ ಅಪ್ಪನೂ ಹೀಗೆಯೇ, ಪೇಪರಿನ ಹಿಂದಿನಿಂದ ಹೂಂ ಹೂಂ ಎನ್ನುತ್ತಿದ್ದ. ಅಮ್ಮ ಕೊನೆಕೊನೆಗೆ ಪಾತ್ರೆಗಳ ಜೊತೆ ಮಾತಾಡಲು ಶುರು ಮಾಡಿದಳು. ನೋಡು, ನೀನು ತಳ ಹಿಡಿದಿದ್ದೀಯ, ಎಂದು ಬಾಣಲೆಗೆ ಬೈಯುತ್ತಿದ್ದದ್ದು ಅವನಿಗೆ ಹುಡುಗನಾಗಿದ್ದಾಗ ಬಹಳ ತಮಾಷೆಯಾಗಿ ಕಾಣುತ್ತಿತ್ತು. ಕಾರಿನವನೊಬ್ಬ ಹಾರ್ನ್ ಬಾರಿಸಿದ. ದೀಪ ಯಾವಾಗಲೋ ಹಸಿರಾಗಿತ್ತು, ಅವನು ನಡುರಸ್ತೆಯಲ್ಲಿ ನಿಂತಿದ್ದ.

ಅವನ ಕಂಪನಿಯ ಕಸುಬು ಕಾವಲು ಕಾಯುವುದು. ಊರಿನ ಆಸ್ಪತ್ರೆ, ಗೋದಾಮು, ಬ್ಯಾಂಕುಗಳು ತಮ್ಮ ಲೆಕ್ಕಪತ್ರ, ಸರಕು ಸರಂಜಾಮಿನ ವಿವರ ಎಲ್ಲವನ್ನೂ ಡೇಟಾಬೇಸುಗಳಲ್ಲಿ ತುಂಬಿಟ್ಟಿರುತ್ತವೆ; ಆ ಡೇಟಾಬೇಸುಗಳಿಗೆ ಹೊಟ್ಟೆ ಉಬ್ಬರಿಸಿತೇ, ಉಸಿರು ಕಟ್ಟಿತೇ ಎಂದು ಹಗಲೂ ರಾತ್ರಿ ನೋಡುತ್ತಿರುವ ಒಂದು ಸಾಫ್ಟ್‌ವೇರನ್ನು ಇವರು ಮಾಡಿ ಮಾರುತ್ತಾರೆ. ಪರದೆಯ ಮೇಲೆ ಒಂದೊಂದು ಡೇಟಾಬೇಸಿಗೆ ಒಂದೊಂದು ಸಾಲು. ಚೆನ್ನಾಗಿದ್ದರೆ ಹಸಿರು, ತೊಂದರೆಯಾದರೆ ಸಾಲು ಕೆಂಪಾಗಿ ಟಿಣ್ ಎನ್ನುತ್ತದೆ. ಕೆಂಪಾದ ಸಾಲಿನ ಕೊನೆಗೆ 'ತಿಳಿಯಿತು' ಎಂಬ ಗುಂಡಿ. ನೋಡಿದವನು ಅದನ್ನು ಒತ್ತಬೇಕು, ಒತ್ತಿದರೆ ಟಿಣ್ ಎನ್ನುವುದು ನಿಂತು ಸಾಲು ಮತ್ತೆ ಹಸಿರಾಗುತ್ತದೆ. ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ಬೇರೆಯವರಿಗೆ ಕಾವಲು ಮಾರುವ ಈ ಕಂಪನಿಗೆ ತನ್ನದೇ ಡೇಟಾಬೇಸುಗಳೂ ಇದ್ದವು, ಅವಕ್ಕೂ ಇದೇ ಕಾವಲು. ಬೆಳಿಗ್ಗೆ ಯಾರು ಮೊದಲು ಬರುತ್ತಾರೋ ಅವರು ಮುಖ ತೊಳೆದಷ್ಟು ಸಲೀಸಾಗಿ ಅಲ್ಲಿಂದ ಇಲ್ಲಿವರೆಗೆ ತಿಳಿಯಿತು ತಿಳಿಯಿತು ಎಂದು ಒತ್ತಿಕೊಂಡು ಹೋಗಿ ಕಾಫಿಗೆ ಏಳುವುದು ಅಲ್ಲಿಯ ಪದ್ಧತಿ. ಮೊದಲು ಬರುವವನು ಯಾವಾಗಲೂ ಅವನೇ. ಯಾರು ಏನು ಹೇಳಿದರೂ ಆಯ್ತು ಎನ್ನುತ್ತಿದ್ದದ್ದರಿಂದ ಅವನಿಗೆ ಆಫೀಸಿನಲ್ಲಿ ಆಯ್ತಪ್ಪ ಎಂಬ ಹೆಸರು ಬಿದ್ದಿತ್ತು; ಬೇಜಾರು ಮಾಡಿಕೊಳ್ಳುವ ಬದಲು ಅವನೇ ಒಂದು ದಿನ ಹುರುಪಿನಲ್ಲಿ ಆ ಸಾಫ್ಟ್‌ವೇರಿನಲ್ಲಿದ್ದ ತನ್ನ ಖಾತೆಗೂ ಅದೇ ಹೆಸರು ಹಾಕಿಕೊಂಡಿದ್ದ.

ಇವತ್ತು ಗಿರಾಕಿಗಳು ಬರುವ ದಿನ. ಬರಲಿರುವ ಹೊಸ ಆವೃತ್ತಿಯಲ್ಲಿ ಏನೇನು ಸುಧಾರಣೆಗಳಿವೆ ಎಂದು ಅವರಿಗೆ ವಿವರಿಸುವ ಕೆಲಸ ಅವನದು. ಮುಖ್ಯವಾದ ಸುಧಾರಣೆ ಗುಂಡಿಯದೇ: ಇನ್ನು ಮೇಲೆ 'ತಿಳಿಯಿತು' ಒತ್ತಿದರೆ ಸಾಲದು, ಪಕ್ಕದಲ್ಲಿ 'ಏನು ತಿಳಿಯಿತು?' ಎಂದು ಒಂದು ಚೌಕ ತೆರೆದುಕೊಳ್ಳುತ್ತದೆ, ಅದರಲ್ಲಿ ಬರೆಯಬೇಕು. ಬರೆಯದೆ ಒತ್ತಿ ಮುಗಿಸಿದ್ದೆಲ್ಲ ಮತ್ತೆ ಕೆಂಪಾಗಿ ಬಂದು ಎದುರು ನಿಲ್ಲುತ್ತದೆ. ತಮಾಷೆಯೆಂದರೆ ಈ ಸಲಹೆ ಕೊಟ್ಟವನೂ ಅವನೇ. ಜನ ಓದದೆ ಒತ್ತುತ್ತಾರೆ, ಜವಾಬ್ದಾರಿ ಎಂಬುದೇ ಇಲ್ಲ, ಎಂದು ಮೀಟಿಂಗಿನಲ್ಲಿ ಮೇಜು ತಟ್ಟಿ ಹೇಳಿದ್ದ. ಇನ್ನೊಂದು ಸುಧಾರಣೆಯೂ ಪಟ್ಟಿಯಲ್ಲಿತ್ತು. ಯಾವುದಾದರೂ ಡೇಟಾಬೇಸ್ ಸುದ್ದಿ ಕಳಿಸುವುದನ್ನೇ ನಿಲ್ಲಿಸಿದರೆ ಈಗಿನ ಆವೃತ್ತಿ ದೂರು ಬಂದಿಲ್ಲವೆಂದು ಹಸಿರೇ ತೋರಿಸುತ್ತದೆ. ಹೊಸದರಲ್ಲಿ ಅಂಥ ಸಾಲು ಬೂದಿ ಬಣ್ಣಕ್ಕೆ ತಿರುಗಬೇಕಿತ್ತು. ಮುಖ್ಯಸ್ಥರು ಅದನ್ನು ಹೊಡೆದುಹಾಕಿದ್ದರು. "ಬೂದಿ ಬಣ್ಣ ನೋಡಿದ್ರೆ ಜನ ಹೆದರ್ತಾರೆ ಕಣಯ್ಯ. ಹಸಿರು ಇರ್ಲಿ ಬಿಡು, ಕಣ್ಣಿಗೆ ತಂಪು." ಅವನು ಆಯ್ತು ಎಂದಿದ್ದ.

ಕುರ್ಚಿಯಲ್ಲಿ ಕೂತ, ಏಳಲಾಗಲಿಲ್ಲ, ಕೂರಲೂ ಆಗಲಿಲ್ಲ. ಮೊಬೈಲ್ ತೆಗೆದು ಹೆಂಡತಿಗೆ ಬಹಳ ಜಾಣತನದಿಂದ ಒಂದು ಸಂದೇಶ ಬರೆದ: ಬೆಳಿಗ್ಗೆ ಹೇಳಿದ್ದು ನೆನಪಿದೆ. ಅವಳು ಏನಾದರೂ ಬರೆದರೆ ಅದರಲ್ಲಿ ಸುಳಿವು ಸಿಕ್ಕೇ ಸಿಗುತ್ತದೆ ಎಂಬುದು ಅವನ ಲೆಕ್ಕಾಚಾರ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಏನು? ಪರೀಕ್ಷೆ ಮಾಡುತ್ತಿದ್ದಾಳೆ. ಏನೆಂದು ನೀವೇ ಹೇಳಿ ನೋಡೋಣ ಎಂದೇ ಅದರ ಅರ್ಥ. ಬೆರಳುಗಳು ಪರದೆಯ ಮೇಲೆ ಬಹಳ ಹೊತ್ತು ತಡಕಾಡಿ ಕಡೆಗೆ ಬರೆದವು: ಅದೇ. ಅದಕ್ಕೆ ಉತ್ತರವೇ ಬರಲಿಲ್ಲ.

"ಯಾಕೋ ಆಯ್ತಪ್ಪ, ಮುಖ ಯಾಕೆ ಹಿಂಗೆ ಸಪ್ಪಗಿದೆ?" ಎಂದು ಪಕ್ಕದ ಮೇಜಿನಿಂದ ನೆಗಡಿ ಕೇಳಿದ. ವರ್ಷವಿಡೀ ಮೂಗು ಒರೆಸಿಕೊಳ್ಳುತ್ತಲೇ ಇದ್ದು ನೆಗಡಿ ಎಂದೇ ಹೆಸರು ಬಿದ್ದಿದ್ದ ಇವನೇ ಹೊಸ ಆವೃತ್ತಿಯನ್ನು ಕಟ್ಟಿದವನು.

"ಒಂದು ವಿಷಯ. ಹೆಂಡತಿ ಹೇಳಿದ್ದು ಕೇಳಿಸ್ಕೊಳ್ಳದೆ ಹೂಂ ಅಂದುಬಿಟ್ರೆ ನೀನೇನು ಮಾಡ್ತೀಯ?"

"ನಾನು ಹೂಂ ಅನ್ನಲ್ಲ. ಸೀನ್ತೀನಿ," ಎಂದು ನೆಗಡಿ ಸೀನಿ ತೋರಿಸಿದ. "ಅವಳೇ ಇನ್ನೊಂದು ಸಲ ಹೇಳ್ತಾಳೆ. ಅದಿರ್ಲಿ, ಹೊಸದನ್ನ ನಮ್ಮದೇ ಡೇಟಾಬೇಸುಗಳ ಮೇಲೆ ಬಿಟ್ಟಿದ್ದೀನಿ. ನಮ್ಮ ಮನೆ ಅಡುಗೆ ನಾವೇ ಉಂಡು ತೋರಿಸೋಣ ಅಂತ ಸಾಹೇಬ್ರು ಹೇಳಿದ್ರು. ನಿನಗೆ ಹೇಳಿದ್ನಲ್ಲ ನಿನ್ನೆ?"

"ಹೂಂ," ಎಂದ ಅವನು. ಅವನ ಮನಸ್ಸು ನೇರಳೆ ಗೋಡೆಯ ಮೇಲಿತ್ತು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ನೀರಿನ ಬಾಟಲಿಗಳು, ಬಿಸ್ಕತ್ತಿನ ತಟ್ಟೆ. ಗಿರಾಕಿಗಳ ನಡುವೆ ಎದ್ದು ಕಾಣುತ್ತಿದ್ದವರು ಐಸ್‌ಕ್ರೀಮ್ ಗೋದಾಮಿನ ಮ್ಯಾನೇಜರಮ್ಮ. ಅಗಲವಾದ ಮೈಕಟ್ಟು, ಸರಪಳಿಗೆ ತೂಗುಬಿಟ್ಟ ಕನ್ನಡಕ, ಬಿಸ್ಕತ್ತನ್ನು ಮುರಿಯದೆ ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವ ಆತ್ಮವಿಶ್ವಾಸ. ಅವನು ಎದ್ದು ನಿಂತು ಮಾತು ಶುರುಮಾಡಿದ. ಒಂದು ಎಚ್ಚರಿಕೆ ಬರುತ್ತದೆ ಎಂದರೆ ಯಾರೋ ನಮಗೆ ಏನನ್ನೋ ಹೇಳುತ್ತಿದ್ದಾರೆ ಎಂದರ್ಥ, ಎಂದ. ಕೇಳಿಸಿಕೊಳ್ಳದೆ ತಿಳಿಯಿತು ಎನ್ನುವುದು ಹೇಳಿದವರಿಗೆ ಮಾಡುವ ಅವಮಾನ, ಎಂದ. ಹೇಳುತ್ತಿದ್ದಂತೆ ಅವನ ಕಿವಿ ಬಿಸಿಯಾಯಿತು. ಬೂಟಿನ ದಾರ, ಬಗ್ಗಿದ ತಲೆ, ನಲ್ಲಿಯ ನೀರು. ಅವಳು ಮದುವೆಯಾದ ಹೊಸತರಲ್ಲಿ ಎಷ್ಟು ಮಾತಾಡುತ್ತಿದ್ದಳು. ಅಂಗಡಿಯವನು ಚಿಲ್ಲರೆ ಇಲ್ಲ ಅಂದದ್ದು, ಎದುರುಮನೆಯವರು ಪರದೆ ಬದಲಾಯಿಸಿದ್ದು, ಕನಸಿನಲ್ಲಿ ಹಲ್ಲು ಉದುರಿದ್ದು, ಎಲ್ಲವನ್ನೂ ಅವನು ಸ್ನಾನ ಮಾಡುವಾಗ ಬಚ್ಚಲಿನ ಬಾಗಿಲಿಗೆ ಒರಗಿ ನಿಂತು ಹೇಳುತ್ತಿದ್ದಳು. ಅವನು ಒಳಗಿನಿಂದ ನೀರು ಸುರಿದುಕೊಳ್ಳುತ್ತಾ, ಕೇಳಿಸ್ತಿದೆ, ಹೇಳು, ಎನ್ನುತ್ತಿದ್ದ. ಆಗ ನಿಜವಾಗಿಯೂ ಕೇಳಿಸುತ್ತಿತ್ತೇ? ಯಾರೋ ಕೆಮ್ಮಿದರು. ಮಾತು ನಿಲ್ಲಿಸಿ ಎಷ್ಟು ಹೊತ್ತಾಗಿತ್ತೋ, ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. "ಈಗ ನೇರವಾಗಿ ತೋರಿಸ್ತೀವಿ," ಎಂದು ಮುಖ್ಯಸ್ಥರು ಹಲ್ಲು ಕಚ್ಚಿಕೊಂಡು ನಕ್ಕರು. ನೆಗಡಿ ಹೊಸ ಆವೃತ್ತಿಯನ್ನು ದೊಡ್ಡ ಪರದೆಗೆ ಹಾಕಿದ.

ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ನಿಲ್ಲಿಸಿ ನಿಲ್ಲಿಸಿ ಹೇಳುವಷ್ಟು ಪುರುಸೊತ್ತು ಅದಕ್ಕಿರಲಿಲ್ಲ. ಗೋಡೆಯಗಲದ ಪರದೆ ಮೇಲಿನಿಂದ ಕೆಳಗೆ ಕೆಂಪಾಯಿತು. ಒಂದು ಪುಟ ತುಂಬಿ ಇನ್ನೊಂದು, ಅದೂ ತುಂಬಿ ಮತ್ತೊಂದು, ಯಾವ ಕಾಲದಿಂದಲೋ ಒತ್ತಿ ಮುಚ್ಚಿಟ್ಟದ್ದೆಲ್ಲ ಎದ್ದು ಬಂದು ಸಾಲಾಗಿ ನಿಂತಿತು. ಜಾಗ ಸಾಲುತ್ತಿಲ್ಲ, ಏನು ತಿಳಿಯಿತು? ಬಹಳ ನಿಧಾನವಾಗುತ್ತಿದೆ, ಏನು ತಿಳಿಯಿತು? ನಕಲು ತೆಗೆದಿಟ್ಟಿಲ್ಲ, ಏನು ತಿಳಿಯಿತು? ಪ್ರತಿಯೊಂದರ ಮುಂದೆಯೂ ಒತ್ತಿದವರ ಹೆಸರು, ಆಯ್ತಪ್ಪ, ಆಯ್ತಪ್ಪ, ಆಯ್ತಪ್ಪ. ಮ್ಯಾನೇಜರಮ್ಮ ಕನ್ನಡಕ ಏರಿಸಿ ಓದಿದರು.

"ಯಾರ್ರೀ ಇದು ಆಯ್ತಪ್ಪ?"

"ಅದು ಮೇಡಂ, ಸುಮ್ನೆ ಉದಾಹರಣೆಗೆ ಅಂತ ಇಟ್ಟಿರೋ ಹೆಸರು," ಎಂದರು ಮುಖ್ಯಸ್ಥರು.

ಶಾಲೆಯಲ್ಲಿ ಬೆಂಚಿನ ಮೇಲೆ ನಿಂತ ಹುಡುಗನಂತೆ ಅವನ ಕೈ ತಾನಾಗಿಯೇ ಅರ್ಧ ಮೇಲೆದ್ದು, ಎದ್ದದ್ದಕ್ಕೆ ನಾಚಿ ತಲೆ ಕೆರೆದುಕೊಂಡು ಕೆಳಗಿಳಿಯಿತು. ಅಷ್ಟು ಸಾಕಾಯಿತು. ಮ್ಯಾನೇಜರಮ್ಮ ಮೊದಲು ಮೂಗಿನಲ್ಲಿ ನಕ್ಕರು, ಆಮೇಲೆ ಬಾಯಲ್ಲಿ, ಕಡೆಗೆ ಇಡೀ ಮೈಯಲ್ಲಿ. ಬಿಸ್ಕತ್ತಿನ ಪುಡಿ ಮೇಜಿನ ತುಂಬ ಹಾರಿತು. ಉಳಿದವರೂ ಸೇರಿಕೊಂಡರು. ಆಚೆ ಈಚೆ ನೋಡಿ ಮುಖ್ಯಸ್ಥರೂ ನಕ್ಕರು. ನೆಗಡಿ ಸೀನಿದ. ನೆಲ ಬಾಯಿಬಿಡಬಾರದೇ ಎಂದು ಅವನು ಕೆಳಗೆ ನೋಡಿದ. ಒಂದು ಬೂಟಿನ ದಾರ ಬಿಚ್ಚಿಕೊಂಡಿತ್ತು. ಬೆಳಿಗ್ಗೆ ಅಷ್ಟು ಗಮನವಿಟ್ಟು ಕಟ್ಟಿದ್ದೂ ಕೂಡ ನೆಟ್ಟಗೆ ಕಟ್ಟಿರಲಿಲ್ಲ.

"ಅಯ್ಯೋ ಹೋಗ್ಲಿ ಬಿಡಿ, ನಮ್ಮಲ್ಲೂ ಎಲ್ಲರೂ ಆಯ್ತಪ್ಪಗಳೇ," ಎಂದು ಮ್ಯಾನೇಜರಮ್ಮ ಕಣ್ಣೊರೆಸಿಕೊಂಡರು. "ಈ ಚೌಕ ನನಗೆ ಬೇಕು. ಆದ್ರೆ ನನ್ನ ಗೋಳು ಬೇರೆ ಇದೆ. ಹೋದ ಸಲ ಏನಾಯ್ತು ಗೊತ್ತಾ? ನಮ್ಮ ಕೋಲ್ಡ್ ರೂಮಿನ ಡೇಟಾಬೇಸು ಸುದ್ದಿ ಕಳಿಸೋದನ್ನೇ ನಿಲ್ಲಿಸಿತ್ತು. ನಿಮ್ಮ ಪರದೆ ನೋಡಿದ್ರೆ ಹಚ್ಚ ಹಸಿರು. ನಾನು ನೆಮ್ಮದಿಯಾಗಿ ಕೂತಿದ್ದೆ. ಬಾಗಿಲ ಕೆಳಗಿಂದ ಸ್ಟ್ರಾಬೆರಿ ಹರಿದು ಬಂದು ನನ್ನ ಚಪ್ಪಲಿ ಒದ್ದೆ ಆದ ಮೇಲೆ ಗೊತ್ತಾಗಿದ್ದು."

"ಅದು ಅದರ ಮುಂದಿನ ಆವೃತ್ತಿಯಲ್ಲಿ..." ಎಂದು ಮುಖ್ಯಸ್ಥರು ಶುರು ಮಾಡಿದರು.

"ಹಸಿರೇ ತೋರಿಸುತ್ತೆ ಮೇಡಂ," ಎಂದುಬಿಟ್ಟ ಅವನು. ಮಾನ ಹೋಗಿದ್ದಾಗಿದೆ, ಇನ್ನು ಹೋಗುವುದಕ್ಕೆ ಏನಿದೆ ಎಂಬ ಒಂದು ಬಗೆಯ ಹಗುರ ಬಂದಿತ್ತು ಅವನಿಗೆ. "ದೂರು ಬಂದ್ರೆ ಮಾತ್ರ ಕೆಂಪು. ದೂರು ಹೇಳೋದನ್ನೇ ಬಿಟ್ರೆ, ಎಲ್ಲ ಚೆನ್ನಾಗಿದೆ ಅಂತ ನಮ್ಮದು ತಿಳ್ಕೊಳ್ಳುತ್ತೆ."

"ಅಂದ್ರೆ ಜಗಳ ಆಡೋರು ಕಾಣ್ತಾರೆ, ಮಾತು ಬಿಟ್ಟೋರು ಕಾಣಲ್ಲ," ಎಂದರು ಮ್ಯಾನೇಜರಮ್ಮ. "ಮೊದಲು ಅದನ್ನ ಸರಿ ಮಾಡಿ. ಮಾಡಿದ್ರೆ ನಾನು ನಿಮ್ಮ ಜೊತೆ ಇರ್ತೀನಿ, ಇಲ್ದಿದ್ರೆ ಇಲ್ಲ."

ಮುಖ್ಯಸ್ಥರು ಅವನ ಕಡೆ ತಿರುಗಿ, ತಾವು ಮೊದಲಿನಿಂದಲೂ ಇದನ್ನೇ ಬಡಕೊಳ್ಳುತ್ತಿದ್ದವರ ಹಾಗೆ ಮುಖ ಮಾಡಿ, ಬೂದಿ ಬಣ್ಣ ಇವತ್ತು ಸಂಜೆಯೊಳಗೆ ಬರಬೇಕು ಎಂದರು. ಅವನು ಆಯ್ತು ಎಂದ. ಮತ್ತೆ ಎಲ್ಲರೂ ನಕ್ಕರು.

ಮಧ್ಯಾಹ್ನವೆಲ್ಲ ಅವನೂ ನೆಗಡಿಯೂ ಪಕ್ಕಪಕ್ಕ ಕೂತು ಅದನ್ನೇ ಮಾಡಿದರು. ಕಷ್ಟದ ಕೆಲಸವೇನಲ್ಲ, ಹೊಡೆದುಹಾಕಿದ್ದನ್ನು ವಾಪಸು ತಂದು ಜೋಡಿಸುವುದು. ಸಂಜೆಯ ಬಿಸಿಲು ಕಿಟಕಿಗೆ ಬಂದಾಗ ನೆಗಡಿ ಅದನ್ನು ಚಾಲೂ ಮಾಡಿದ. ಹಸಿರು ಸಾಲುಗಳ ನಡುವೆ ಒಂದು ಬೂದಿಯಾಯಿತು, ಸ್ವಲ್ಪ ಕೆಳಗೆ ಇನ್ನೊಂದು, ಆಮೇಲೆ ಒಂದು ಗುಂಪು. ಸದ್ದಿಲ್ಲ, ಟಿಣ್ ಇಲ್ಲ. ತಾನು ದಿನಾ ಬೆಳಿಗ್ಗೆ, ಸದ್ಯ ಇವಾದರೂ ನೆಟ್ಟಗಿವೆಯಲ್ಲ, ಎಂದು ಪ್ರೀತಿಯಿಂದ ನೋಡುತ್ತಿದ್ದ ಸಾಲುಗಳೇ ಅವು, ಒಂದು ದಿನವೂ ತಂಟೆ ಮಾಡದವು. "ಇವು ಬಾಯಿ ಮುಚ್ಕೊಂಡು ಎಷ್ಟು ಕಾಲ ಆಯ್ತೋ ಏನೋ," ಎಂದು ನೆಗಡಿ ಮೂಗೊರೆಸಿಕೊಂಡ. ಅವನು ಮೊಬೈಲ್ ತೆಗೆದು ನೋಡಿದ. ಅವನು ಬರೆದ 'ಅದೇ' ಒಂದೇ ಅಲ್ಲಿ ಕೂತಿತ್ತು.

ಮನೆಗೆ ಬರುವ ಹೊತ್ತಿಗೆ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. ಇಷ್ಟು ಜನರ ಮುಂದೆ ಮರ್ಯಾದೆ ಕಳೆದುಕೊಂಡವನಿಗೆ ಒಬ್ಬಳ ಮುಂದೆ ಕಳೆದುಕೊಳ್ಳುವುದೇನು ಮಹಾ. ಗೋಡೆಗಳು ಸದ್ಯ ಬಿಳಿಯಾಗೇ ಇದ್ದವು, ಸೋಫಾದಲ್ಲಿ ಭಾವಮೈದುನನಿರಲಿಲ್ಲ. ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಬೀನ್ಸ್ ಹೆಚ್ಚುತ್ತಿದ್ದಳು, ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅವನು ಬೂಟನ್ನೂ ಬಿಚ್ಚದೆ ಬಾಗಿಲಲ್ಲಿ ನಿಂತೇ ಶುರುಮಾಡಿದ.

"ನೋಡು, ಬೆಳಿಗ್ಗೆ ನೀನು ಏನೋ ಹೇಳಿದೆ. ನಾನು ಹೂಂ ಅಂದೆ. ಏನಂತ ನಾನು ಕೇಳಿಸ್ಕೊಂಡಿರ್ಲಿಲ್ಲ. ತಪ್ಪಾಯ್ತು. ಏನು ಹೇಳಿದ್ದು ಅಂತ ಈಗ ಹೇಳಿಬಿಡು."

ಅವಳು ಚಾಕು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಯೋಚಿಸಿದಳು. "ಬೆಳಿಗ್ಗೆನಾ? ನಿಮಗಾ?" ಆಮೇಲೆ ನೆನಪಾಗಿ ನಕ್ಕಳು. "ಅಯ್ಯೋ, ಅದು ಅಕ್ಕನ ಫೋನು ರೀ. ಸ್ಪೀಕರಿಗೆ ಹಾಕಿ ಪಾತ್ರೆ ತೊಳೀತಿದ್ದೆ. ನಾನು ಅವಳನ್ನ ಏನೋ ಕೇಳ್ದೆ, ಅವಳು ಬಾಯಿ ತೆಗೆಯೋಷ್ಟರಲ್ಲಿ ನೀವು ಅಲ್ಲಿಂದ ಹೂಂ ಅಂದ್ರಿ. ನೋಡೇ, ನನಗಿಂತ ಮೊದಲು ನಿನ್ನ ಗಂಡನೇ ಒಪ್ಕೊಂಡ್ರು ಅಂತ ಅವಳು ಹೇಳಿದ್ಲು. ನಕ್ಕೂ ನಕ್ಕೂ ಸಾಕಾಯ್ತು ಇಬ್ಬರಿಗೂ. ಅದಕ್ಕಾ ನೀವು ಏನೇನೋ ಮೆಸೇಜ್ ಮಾಡಿದ್ದು?"

ದಿನವೆಲ್ಲ ಹೊತ್ತ ಮೂಟೆ ಕೆಳಗಿಳಿಯಿತು. ಅವನು ಕುರ್ಚಿ ಎಳೆದು ಕೂತು, ತಟ್ಟೆಯಿಂದ ಒಂದು ಬೀನ್ಸ್ ಎತ್ತಿ ಹಸಿಯಾಗೇ ಕಚ್ಚಿದ. ಬದುಕಿದೆ. ಭಾವಮೈದುನ ಬರುವುದಿಲ್ಲ. ಕಚ್ಚಿದ್ದು ಬಾಯಲ್ಲಿರುವಾಗಲೇ ಏನೋ ಅಡ್ಡ ಸಿಕ್ಕಿದಂತಾಗಿ ಅಗಿಯುವುದನ್ನು ನಿಲ್ಲಿಸಿದ.

"ಹಾಗಾದ್ರೆ ಬೆಳಿಗ್ಗೆ ನನಗೆ ನೀನು ಏನೂ ಹೇಳ್ಲಿಲ್ಲ?"

"ಇಲ್ಲ."

"ನಿನ್ನೆ?"

"ನಿನ್ನೇನೂ ಇಲ್ಲಪ್ಪ."

"ಮೊನ್ನೆ ನಾನು ಗಡ್ಡ ಮಾಡ್ಕೊಳ್ಳುವಾಗ..."

"ಅದು ರೇಡಿಯೋ ಇರಬೇಕು," ಎಂದಳು. ಚಾಕುವನ್ನು ಕೆಳಗಿಟ್ಟಳು. "ನಿಮಗೆ ಹೇಳೋದು ಬಿಟ್ಟು ಬಹಳ ದಿನ ಆಯ್ತಲ್ರೀ."

ಸಿಟ್ಟಿನಿಂದ ಹೇಳಲಿಲ್ಲ. ಹಾಲಿನವನು ಬದಲಾದ ಎಂದೋ, ಗಡಿಯಾರಕ್ಕೆ ಸೆಲ್ ಹಾಕಬೇಕು ಎಂದೋ ಹೇಳುವಷ್ಟು ಸಹಜವಾಗಿ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವನು ಅವಳ ಮುಖ ನೋಡಿದ. ಹಣೆಯ ಪಕ್ಕದ ಕೂದಲು ನರೆತಿತ್ತು, ಯಾವಾಗ ನರೆಯಿತೋ. ಕನ್ನಡಕ ಹೊಸದು, ಯಾವಾಗ ತಂದಳೋ. ಪೂರ್ತಿ ಹಸಿರಪ್ಪ ನಮ್ಮ ಮನೆ. ಅವನಿಗೆ ಅಳು ಬಂತು, ಬಾಯಲ್ಲಿ ಹಸಿ ಬೀನ್ಸ್ ಇದ್ದದ್ದರಿಂದ ಅಳುವುದಕ್ಕೂ ಆಗಲಿಲ್ಲ. ಹೇಗೋ ನುಂಗಿದ.

"ಅಕ್ಕನಿಗೆ ಹೇಳಿದ್ದು ನನಗೂ ಹೇಳು."

"ಈಗ ಯಾಕೆ ಅದೆಲ್ಲ?"

"ಹೇಳು."

ಅವಳು ಒಮ್ಮೆ ಅವನನ್ನು ಅನುಮಾನದಿಂದ ನೋಡಿ, ಬೀನ್ಸಿನ ತುದಿಗಳನ್ನು ಬೆರಳಲ್ಲಿ ಒಟ್ಟು ಮಾಡುತ್ತಾ ಶುರು ಮಾಡಿದಳು. ಅವಳ ದನಿ ಏರಿತು, ಇಳಿಯಿತು, ಗಂಟಲಿನ ಅಡಿಯಲ್ಲಿ ಹಳೆಯ ಹೂಂ ಆಗಲೇ ಎದ್ದು ಕೂತು ಹೊರಡುವುದಕ್ಕೆ ಸಿದ್ಧವಾಗುತ್ತಿರುವುದು ಅವನಿಗೆ ಗೊತ್ತಾಯಿತು. ತುಟಿ ಬಿಗಿದ. ಹಲ್ಲು ಕಚ್ಚಿದ. ಬರಕೂಡದು, ಈಗ ಬಂದರೆ ಎಲ್ಲ ಮುಗಿಯಿತು, ಎಂದು ಮೈಯೆಲ್ಲ ಬಾಯಾಗಿ ಅದನ್ನು ತಡೆದು ಹಿಡಿದ. ಹೂಂ ಮೂಗಿಗೆ ಬಂತು, ಮೂಗನ್ನೂ ಹಿಡಿದ. ಅವಳ ದನಿ ನಿಂತಿತು. ಹೂಂ ಬರಲಿಲ್ಲ. ಗೆದ್ದೆ ಎಂದುಕೊಂಡ.

"ಮೂಗು ಯಾಕೆ ಹಿಡ್ಕೊಂಡಿದ್ದೀರಿ?" ಎಂದಳು. "ಏನು ಹೇಳಿದೆ ನಾನು, ಹೇಳಿ ನೋಡೋಣ."

ಹೂಂ ಬಾರದಂತೆ ಕಾಯುವ ಗಡಿಬಿಡಿಯಲ್ಲಿ ಅವನು ಒಂದು ಅಕ್ಷರವನ್ನೂ ಕೇಳಿಸಿಕೊಂಡಿರಲಿಲ್ಲ. ಮೂಗಿನಿಂದ ಕೈ ತೆಗೆದ. ಸೀನೋಣವೇ ಎಂದು ಒಂದು ಕ್ಷಣ ಅನಿಸಿತು.

"ಕೇಳಿಸ್ಲಿಲ್ಲ," ಎಂದ. "ಇನ್ನೊಂದು ಸಲ ಹೇಳು. ದಮ್ಮಯ್ಯ."

ಕುದಿಯುವ ಪಾತ್ರೆಯ ಮುಚ್ಚಳ ತಟತಟ ಎನ್ನುತ್ತಿತ್ತು. ಅವಳು ಈ ಸಲ ಅವನ ಕಣ್ಣನ್ನೇ ನೋಡುತ್ತಾ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಮುಂದಿನ ತಿಂಗಳಿಂದ ನಾನು ಅಕ್ಕನ ಊರಲ್ಲಿ ಹೋಗಿ ಇರ್ತೀನಿ. ಅವಳ ಬಟ್ಟೆ ಅಂಗಡಿ ನೋಡ್ಕೋತೀನಿ. ವಾಪಸ್ ಯಾವಾಗ ಅಂತ ಗೊತ್ತಿಲ್ಲ."

ಅವನಿಗೆ ಕೇಳಿಸಿತು. ಅಕ್ಷರ ಅಕ್ಷರವೂ ಕೇಳಿಸಿತು. ಅವಳ ದನಿ ನಿಂತ ಜಾಗ ಎದುರಿಗೇ ಖಾಲಿ ಇತ್ತು, ಗಂಟಲಲ್ಲಿ ಹುಡುಕಿದರೆ ಹೂಂ ಎಲ್ಲೂ ಇರಲಿಲ್ಲ.

"ಯಾಕೆ?" ಎಂದ.

ಅವಳು ಬೆಚ್ಚಿದವಳ ಹಾಗೆ ಅವನನ್ನು ನೋಡಿದಳು. ಎದ್ದು ಹೋಗಿ ಒಲೆ ಆರಿಸಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ವಾಪಸು ಬಂದು, ಹೆಚ್ಚಿದ್ದನ್ನು ಹೆಚ್ಚದ್ದನ್ನು ಎಲ್ಲ ಒಂದು ಪಕ್ಕಕ್ಕೆ ಸರಿಸಿ, ಅವನ ಎದುರಿನ ಕುರ್ಚಿಯಲ್ಲಿ ಕೂತಳು.

"ಬೂಟು ಬಿಚ್ಚಿ ಕೂತ್ಕೊಳ್ಳಿ," ಎಂದಳು. "ತುಂಬ ಹೊತ್ತಾಗುತ್ತೆ."